ಅಜ್ಜನ ಟ್ರಂಕಿನಿಂದ ವಿಶ್ವವಿದ್ಯಾಲಯದ ಕಪಾಟಿಗೆ: ಹಳೆ ಕಾಗದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಡೊಂಬಿವಲಿ, ಪುಣೆ, ವಾಸ್ಕೊ, ಎಲ್ಲಿ ಕನ್ನಡದವರು ಸೇರಿದರೂ ಯಾರಾದರೊಬ್ಬರು ಮನೆಯ ಹಳೆ ಕಾಗದದ ಮಾತು ತೆಗೆಯುತ್ತಾರೆ. ಗ್ರಂಥಾಲಯಗಳ ವಿಶೇಷ ಸಂಗ್ರಹದ ಕೆಲಸವನ್ನು ಹತ್ತಿರದಿಂದ ಬಲ್ಲವಳು ಅಂತ ಪ್ರಶ್ನೆಗಳು ನನ್ನ ಕಡೆ ತಿರುಗುತ್ತವೆ. ಕೆಲವರು ಕಾಗದ ಬರೆದೂ ಕೇಳಿದ್ದಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದ್ದು

ವಿಶೇಷ ಸಂಗ್ರಹ ಅಂದ್ರೆ ಏನು? ಮಾಮೂಲಿ ಲೈಬ್ರರಿಯಿಂದ ಬೇರೆ ಯಾಕೆ ಇಡ್ತಾರೆ?

ಮಾಮೂಲಿ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ತರಬಹುದು. ವಿಶೇಷ ಸಂಗ್ರಹದಲ್ಲಿ ಇರುವುದನ್ನು ಹಾಗೆ ತರಲು ಆಗುವುದಿಲ್ಲ. ಹಸ್ತಪ್ರತಿ, ಅಪರೂಪದ ಮುದ್ರಣ, ಯಾರದೋ ಪತ್ರಗಳ ಕಟ್ಟು, ನಕ್ಷೆ, ಫೋಟೋ, ಪದಕ, ಮೊಹರು ಇವೆಲ್ಲ ಅಲ್ಲಿ ಸೇರುತ್ತವೆ. ಕಪಾಟು ನಾವೇ ತೆರೆಯುವಂತಿಲ್ಲ. ಚೀಟಿ ಬರೆದುಕೊಟ್ಟರೆ ಸಿಬ್ಬಂದಿ ತಂದುಕೊಡುತ್ತಾರೆ. ಅಲ್ಲೇ ಕೂತು ನೋಡಿ ವಾಪಸ್ ಕೊಡಬೇಕು.

ಹ್ಯಾಂಡ್‌ಬಿಲ್ಲು, ರಸೀದಿ, ಟಿಕೆಟ್ಟು ಕೂಡ ಇಡ್ತಾರಾ? ಅದು ರದ್ದಿ ಅಲ್ವಾ ಮಾರಾಯ್ರೆ?

ಇಡುತ್ತಾರೆ. ನನ್ನನ್ನು ಕೇಳಿದರೆ ಮುಂಬಯಿ ಕನ್ನಡಿಗರ ನಿಜವಾದ ಚರಿತ್ರೆ ಇರುವುದೇ ಅಲ್ಲಿ.

ಯಾಕೆ ಅಂತ ನೋಡಿ. ಊರು ಬಿಟ್ಟು ಬಂದ ಹುಡುಗ ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ ಸಂಜೆ ರಾತ್ರಿ ಶಾಲೆಗೆ ಹೋದ. ಅವನ ಬಗ್ಗೆ ಯಾರೂ ಪುಸ್ತಕ ಬರೆಯಲಿಲ್ಲ. ಆದರೆ ಅವನು ಬಂದ ಸ್ಟೀಮರಿನ ಟಿಕೆಟ್ಟು ಇರಬಹುದು. ಶಾಲೆಯ ಫೀ ರಸೀದಿ, ಊರಿಗೆ ಕಳಿಸಿದ ಮನಿಯಾರ್ಡರಿನ ಚೀಟಿ, ಮಳೆಗಾಲದ ಯಕ್ಷಗಾನದ ಹ್ಯಾಂಡ್‌ಬಿಲ್ಲು, ಹೋಟೆಲಿನ ತಿಂಡಿ ದರದ ಕಾರ್ಡು ಇರಬಹುದು. ಮುದ್ರಿಸಿದವರಿಗೆ ಇವು ಒಂದು ದಿನದ ಸರಕು. ಅದಕ್ಕೇ ಯಾರೂ ಉಳಿಸಲಿಲ್ಲ, ಉಳಿದದ್ದಕ್ಕೆ ಬೆಲೆ ಬಂತು.

ಸಂಘಗಳ ಸ್ಮರಣ ಸಂಚಿಕೆಯನ್ನು ನಾನು ಇನ್ನೂ ಮೇಲೆ ಇಡುತ್ತೇನೆ. ಅಧ್ಯಕ್ಷರ ಶುಭಾಶಯವನ್ನು ಯಾರೂ ಓದುವುದಿಲ್ಲ, ಸರಿ. ಹಿಂದಿನ ಪುಟಗಳ ಜಾಹೀರಾತು ಓದಿ. ಯಾವ ಬೀದಿಯಲ್ಲಿ ಯಾರ ಹೋಟೆಲಿತ್ತು, ಯಾರು ಪ್ರೆಸ್ ನಡೆಸುತ್ತಿದ್ದರು, ಯಾವ ಊರಿನವರು ಯಾವ ಧಂದೆಯಲ್ಲಿದ್ದರು ಎಲ್ಲ ಅಲ್ಲೇ ಸಿಗುತ್ತದೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್ ಇಂಥ ಸಂಸ್ಥೆಗಳ ಹಳೆಯ ಆಮಂತ್ರಣ ಪತ್ರಿಕೆ ಕೈಗೆ ಸಿಕ್ಕರೆ ದಯವಿಟ್ಟು ರದ್ದಿಯವನಿಗೆ ಹಾಕಬೇಡಿ.

ಮುಂಬಯಿ, ಪುಣೆ, ಗೋವಾದಲ್ಲಿ ಇಂಥ ಸಂಗ್ರಹ ಎಲ್ಲೆಲ್ಲಿ ಇದೆ?

ಮುಂಬಯಿಯಲ್ಲಿ ಮೊದಲ ಹೆಸರು ವಿಶ್ವವಿದ್ಯಾಲಯದ್ದೇ. ಫೋರ್ಟಿನಲ್ಲಿ ರಾಜಾಬಾಯಿ ಗಡಿಯಾರ ಗೋಪುರದ ಕೆಳಗೆ ಇರುವುದೇ ಅದರ ಹಳೆಯ ಗ್ರಂಥಾಲಯ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸ, ಪ್ರೇಮಚಂದ್ ರಾಯಚಂದ್ ಕೊಟ್ಟ ದುಡ್ಡು, ಅವರ ತಾಯಿಯ ಹೆಸರು. 1878ರಲ್ಲಿ ಕಟ್ಟಡ ಮುಗಿಯಿತು. ಸಂಸ್ಕೃತ, ಅರಬ್ಬಿ, ಪಾರಸಿ ಹಸ್ತಪ್ರತಿಗಳು ಅಲ್ಲಿವೆ. ಕಲೀನಾದ ಕ್ಯಾಂಪಸ್ಸಿನಲ್ಲಿ ಜವಾಹರಲಾಲ್ ನೆಹರೂ ಗ್ರಂಥಾಲಯ ಇದೆ. ಕನ್ನಡ ವಿಭಾಗವೂ ಕಲೀನಾದಲ್ಲೇ. ಮುಂಬಯಿ ಕನ್ನಡದ ವಿಷಯವಾದರೆ ಮೊದಲು ಆ ವಿಭಾಗದಲ್ಲಿ ವಿಚಾರಿಸುವುದು ಒಳ್ಳೆಯದು. ವಿಶ್ವವಿದ್ಯಾಲಯದ್ದಲ್ಲ, ಆದರೂ 1804ರ ಏಷ್ಯಾಟಿಕ್ ಸೊಸೈಟಿಯನ್ನು ಬಿಡುವಂತಿಲ್ಲ. ಅದು ಟೌನ್ ಹಾಲಿನಲ್ಲಿದೆ.

ಪುಣೆಯಲ್ಲಿ ಆಯ್ಕೆ ಜಾಸ್ತಿ. ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಜಯಕರ್ ಗ್ರಂಥಾಲಯಕ್ಕೆ ಮೊದಲ ಕುಲಪತಿ ಎಂ.ಆರ್. ಜಯಕರ್ ಅವರ ಹೆಸರಿದೆ. 1821ರಿಂದ ಬೆಳೆದುಬಂದ ಡೆಕ್ಕನ್ ಕಾಲೇಜು, ಗೋಖಲೆ ಸಂಸ್ಥೆಯ ಧನಂಜಯರಾವ್ ಗಾಡ್ಗೀಳ್ ಗ್ರಂಥಾಲಯ, 1917ರ ಭಂಡಾರ್ಕರ್ ಸಂಸ್ಥೆ ಎಲ್ಲ ಅಲ್ಲಿವೆ. ಭಂಡಾರ್ಕರ್ ಸಂಸ್ಥೆಯ ಋಗ್ವೇದದ 30 ಹಸ್ತಪ್ರತಿಗಳು 2007ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು.

ಗೋವಾ ವಿಶ್ವವಿದ್ಯಾಲಯ ತಾಳೆಗಾಂವ್ ದಿಣ್ಣೆಯ ಮೇಲಿದೆ. ಡಿ.ಡಿ. ಕೊಸಾಂಬಿ ಅವರ ಸ್ವಂತ ಪುಸ್ತಕ ಸಂಗ್ರಹ ಮತ್ತು ಚರಿತ್ರೆಕಾರ ಪಾಂಡುರಂಗ ಪಿಸುರ್ಲೆಂಕರ್ ಅವರ ಸಂಗ್ರಹ ಅಲ್ಲಿನ ಗ್ರಂಥಾಲಯದಲ್ಲಿವೆ. ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಗ್ರಂಥಾಲಯ ಶುರುವಾದದ್ದು 1832ರಲ್ಲಿ. ಮುದ್ರಣದ ಇತಿಹಾಸದಲ್ಲಿ ಆಸಕ್ತಿ ಇದ್ದವರು ಗೋವಾಕ್ಕೆ ಹೋಗಲೇಬೇಕು. ಭಾರತಕ್ಕೆ ಮೊದಲ ಅಚ್ಚುಯಂತ್ರ ಬಂದಿಳಿದದ್ದು ಅಲ್ಲೇ, 1556ರಲ್ಲಿ.

ಇಲ್ಲಿ ನಮ್ಮ ಕನ್ನಡದ್ದು ಏನಿರುತ್ತೆ? ಎಲ್ಲ ಮರಾಠಿ, ಇಂಗ್ಲಿಷ್, ಪೋರ್ಚುಗೀಸ್ ತಾನೇ?

ಇದು ನಿಮ್ಮ ಮೂಲ ಊರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಬಂತು. 1956ರ ತನಕ ಈ ಜಿಲ್ಲೆಗಳ ರಾಜಧಾನಿ ಮುಂಬಯಿಯೇ. ಹಾಗಾಗಿ ಸರ್ಕಾರಿ ವರದಿ, ನಕ್ಷೆ, ಶಾಲಾ ಪಠ್ಯ, ಗೆಜೆಟಿಯರ್ (ಜಿಲ್ಲೆಯ ವಿವರ ಹೇಳುವ ಸರ್ಕಾರಿ ಪುಸ್ತಕ) ಇಲ್ಲೇ ಸಿಗುತ್ತವೆ. ಗೆಜೆಟಿಯರಿನಲ್ಲಿ 1883ರಲ್ಲಿ ಕೆನರಾ ಸಂಪುಟ, 1884ರಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ ಸಂಪುಟಗಳು ಬಂದವು.

ಉಡುಪಿ, ಮಂಗಳೂರು ಕಡೆಯವರಿಗೆ ಬೇರೆ ಲೆಕ್ಕ. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅಲ್ಲಿನ ಜಮೀನಿನ ಹಳೆ ಸರ್ಕಾರಿ ಕಾಗದಕ್ಕೆ ಮುಂಬಯಿಯಲ್ಲಿ ಸುಮ್ನೆ ಅಲೆಯಬೇಡಿ, ಚೆನ್ನೈಗೆ ಬರೆಯಿರಿ. ಮುಂಬಯಿಯಲ್ಲಿ ಸಿಗುವುದು ನಿಮ್ಮವರು ಇಲ್ಲಿಗೆ ಬಂದ ಮೇಲಿನ ಬದುಕು.

ಇನ್ನೊಂದು ವಿಷಯ. 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಬಂದ ಮೇಲೆ ಅಚ್ಚಾದ ಪುಸ್ತಕದ ಪ್ರತಿಯನ್ನು ಪ್ರಾಂತ್ಯ ಸರ್ಕಾರಕ್ಕೆ ಕೊಡಬೇಕಿತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿ ಹೊರಡಿಸುತ್ತಿತ್ತು. ಧಾರವಾಡದ ಚಿಕ್ಕ ಪ್ರೆಸ್ಸಿನಲ್ಲಿ ಅಚ್ಚಾದ ಬಯಲಾಟದ ಪುಸ್ತಕವೂ ಆ ಪಟ್ಟಿಯಲ್ಲಿ ಬರುತ್ತದೆ, ಬೆಲೆ ಮತ್ತು ಎಷ್ಟು ಪ್ರತಿ ಅನ್ನುವ ವಿವರದ ಸಮೇತ. ಪುಸ್ತಕವೇ ಹೋಗಿದ್ದರೂ ಅದರ ಸುಳಿವು ಉಳಿದಿದೆ.

## ಒಳಗೆ ಹೋಗುವಾಗ

ನಾನು ವಿದ್ಯಾರ್ಥಿಯೂ ಅಲ್ಲ, ಪ್ರೊಫೆಸರೂ ಅಲ್ಲ. ನನ್ನನ್ನು ಒಳಗೆ ಬಿಡ್ತಾರಾ?

ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಹೋದ ತಕ್ಷಣ ಅಲ್ಲ. ಗ್ರಂಥಪಾಲಕರಿಗೆ ಮೊದಲೇ ಒಂದು ಪತ್ರ ಬರೆಯಿರಿ. ಏನು ಹುಡುಕುತ್ತಿದ್ದೀರಿ, ಯಾವ ಕಾಲದ್ದು, ಯಾಕೆ ಬೇಕು, ಇಷ್ಟು ಸಾಕು. ಗುರುತಿನ ಚೀಟಿ ಇಟ್ಟುಕೊಳ್ಳಿ. ಕಾಲೇಜಿನ ಮೇಷ್ಟ್ರು ಅಥವಾ ಸಂಘದ ಕಾರ್ಯದರ್ಶಿಯ ಪರಿಚಯ ಪತ್ರ ಇದ್ದರೆ ಕೆಲಸ ಹಗುರ. "ಹಳೆಯದು ಏನಾದ್ರೂ ತೋರಿಸಿ" ಅಂತ ಮಾತ್ರ ಕೇಳಬೇಡಿ. ಯಾರಿಗೂ ತೋರಿಸಲು ಆಗುವುದಿಲ್ಲ.

ಸಿನಿಮಾದಲ್ಲಿ ಬಿಳಿ ಗ್ಲೌಸ್ ಹಾಕ್ಕೋತಾರಲ್ಲ, ನಾವೂ ಹಾಕ್ಕೋಬೇಕಾ? ಪೆನ್ನು ಯಾಕೆ ಬಿಡಲ್ಲ?

ಕಾಗದಕ್ಕೆ ಗ್ಲೌಸ್ ಬೇಡ. ಬಟ್ಟೆಯ ಗ್ಲೌಸಿನಲ್ಲಿ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಹಾಳೆಯ ಅಂಚು ಸಿಕ್ಕಿಕೊಂಡು ಹರಿಯುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಫೋಟೋ, ನೆಗೆಟಿವ್, ಲೋಹದ ಪದಕಕ್ಕೆ ಮಾತ್ರ ಗ್ಲೌಸ್ ಬೇಕು. ಬೆರಳಿನ ಬೆವರಿನ ಉಪ್ಪು ಅವುಗಳ ಮೇಲೆ ಗುರುತು ಬಿಡುತ್ತದೆ.

ಪೆನ್ನಿನ ಶಾಯಿ ಬಿದ್ದರೆ ತೆಗೆಯಲು ಆಗುವುದಿಲ್ಲ, ಪೆನ್ಸಿಲ್ ಗೀಟು ಅಳಿಸಬಹುದು. ಕಾರಣ ಅಷ್ಟೇ.

ಮೊಬೈಲಲ್ಲಿ ಫೋಟೋ ಹೊಡ್ಕೊಂಡು ನಮ್ಮ ಸಂಘದ ಸಂಚಿಕೆಯಲ್ಲಿ ಹಾಕಬಹುದಾ?

ಇವು ಎರಡು ಬೇರೆ ಅನುಮತಿಗಳು. ಫೋಟೋ ತೆಗೆಯಲು ಗ್ರಂಥಾಲಯ ಒಪ್ಪಬೇಕು. ಅಚ್ಚು ಹಾಕಲು ಹಕ್ಕುಸ್ವಾಮ್ಯ ನೋಡಬೇಕು. 1957ರ ಕಾಯ್ದೆಯ ಪ್ರಕಾರ ಬರಹದ ಹಕ್ಕು ಬರೆದವರ ಜೀವಿತಕಾಲ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. ಹೆಸರಿಲ್ಲದ ಹ್ಯಾಂಡ್‌ಬಿಲ್ಲಿಗೆ ಪ್ರಕಟವಾದ ಮೇಲೆ 60 ವರ್ಷ. ಫೋಟೋಗೆ 2012ರ ತಿದ್ದುಪಡಿಯ ನಂತರ ಬರಹದ ಹಾಗೆಯೇ, ತೆಗೆದವರ ಜೀವಿತಕಾಲ ಮತ್ತು ಆಮೇಲೆ 60 ವರ್ಷ.

ಜನ ಎಡವುವುದು ಪತ್ರಗಳ ವಿಷಯದಲ್ಲಿ. ಒಬ್ಬ ಸಾಹಿತಿ ನಿಮ್ಮ ತಂದೆಗೆ ಬರೆದ ಪತ್ರ ನಿಮ್ಮ ಮನೆಯಲ್ಲಿದೆ. ಕಾಗದ ನಿಮ್ಮದು. ಅದರ ಮಾತು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಅಚ್ಚು ಹಾಕುವ ಮೊದಲು ಅವರನ್ನು ಕೇಳಿ.

ನಮ್ಮಜ್ಜ ಧಾರವಾಡದಲ್ಲಿ ಓದಿದ್ದು, ಡಿಗ್ರಿ ಮಾತ್ರ ಬಾಂಬೆ ಯೂನಿವರ್ಸಿಟಿದು ಅಂತಾರೆ. ಅದು ಹೇಗೆ? ಹೆಸರು ಸಿಗುತ್ತಾ?

ಸರಿಯಾಗಿಯೇ ಹೇಳುತ್ತಾರೆ. 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಪುಣೆಯ ಫರ್ಗ್ಯುಸನ್ ಕಾಲೇಜೂ ಹಾಗೆಯೇ. ಬೇಂದ್ರೆಯವರು ಬಿ.ಎ. ಓದಿದ್ದು ಅಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು 1949ರಲ್ಲಿ. ಅದೂ ಮೊದಲು ಮುಂಬಯಿಯಲ್ಲೇ ಶುರುವಾಗಿ ಮರುವರ್ಷ ಧಾರವಾಡಕ್ಕೆ ಹೋಯಿತು.

ವಿಶ್ವವಿದ್ಯಾಲಯ ಹಿಂದೆ ಕ್ಯಾಲೆಂಡರ್ ಅನ್ನುವ ದಪ್ಪ ಪುಸ್ತಕ ಮುದ್ರಿಸುತ್ತಿತ್ತು. ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಅಲ್ಲ. ನಿಯಮ, ಪಠ್ಯಪಟ್ಟಿ, ಪದವೀಧರರ ಹೆಸರು ಎಲ್ಲ ಅದರಲ್ಲಿ ಇರುತ್ತಿತ್ತು. ಪಾಸಾದ ವರ್ಷ ಮತ್ತು ಕಾಲೇಜಿನ ಹೆಸರು ತಿಳಿದುಕೊಂಡು ಹೋಗಿ. ಅಡ್ಡಹೆಸರು ಆಗ ಬೇರೆ ಇತ್ತಾ ಅಂತ ಮನೆಯ ಹಿರಿಯರನ್ನು ಕೇಳಿಕೊಳ್ಳಿ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ಬಹಳ ಜನ.

## ಮನೆಯಲ್ಲಿ ಇರುವ ಕಾಗದ

ಮಾವನವರ ಪೇಪರ್‌ಗಳು ಪುಡಿಯಾಗ್ತಿವೆ. ಲ್ಯಾಮಿನೇಶನ್ ಮಾಡಿಸಿದ್ರೆ ಉಳಿಯಲ್ವಾ ಅಕ್ಕಾ?

ಖಂಡಿತ ಬೇಡ. ಲ್ಯಾಮಿನೇಶನ್ನಿನ ಬಿಸಿ ಮತ್ತು ಅಂಟು ಕಾಗದದ ಒಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. 19ನೇ ಶತಮಾನದ ನಡುವಿನಿಂದ ಕಾಗದವನ್ನು ಮರದ ತಿರುಳಿನಿಂದ ಮಾಡಲು ಶುರುಮಾಡಿದರು. ಆ ಕಾಗದದಲ್ಲಿ ಆಮ್ಲ ಇರುತ್ತದೆ. ಅದೇ ಅದನ್ನು ಹಳದಿ ಮಾಡಿ ಪುಡಿ ಮಾಡುವುದು. ಮೇಲೆ ಪ್ಲಾಸ್ಟಿಕ್ ಹಾಕಿದರೆ ಆಮ್ಲ ಒಳಗೇ ಉಳಿಯಿತು, ಅಷ್ಟೆ. ಆ ಆಮ್ಲ ಇಲ್ಲದ್ದರಿಂದಲೇ ಮರದ ತಿರುಳಿನ ಕಾಗದಕ್ಕಿಂತ ಹಳೆಯ, ಚಿಂದಿ ಬಟ್ಟೆಯಿಂದ ಮಾಡಿದ ಕಾಗದ ಇವತ್ತಿಗೂ ಗಟ್ಟಿಯಾಗಿರುತ್ತದೆ. 1960ರ ವೃತ್ತಪತ್ರಿಕೆ ಮುಟ್ಟಿದರೆ ಮುರಿಯುತ್ತದೆ.

ಮಾಡಬೇಕಾದ್ದು ಸುಲಭ. ತುಕ್ಕು ಹಿಡಿದ ಪಿನ್ನು, ಸ್ಟೇಪಲ್ ನಿಧಾನವಾಗಿ ತೆಗೆಯಿರಿ. ಸೆಲ್ಲೋಟೇಪ್ ಹಚ್ಚಬೇಡಿ, ಹಳೆಯ ಟೇಪನ್ನು ಕಿತ್ತೂ ಹಾಕಬೇಡಿ. ಮಡಿಕೆ ಬಿಡಿಸಿ, ಆಮ್ಲ ಇಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಹರಿದದ್ದನ್ನು ಗ್ರಂಥಾಲಯದವರು ತೆಳುವಾದ ಜಪಾನಿ ಕಾಗದ ಮತ್ತು ಗೋಧಿ ಗಂಜಿಯಿಂದ ಅಂಟಿಸುತ್ತಾರೆ. ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ ಅನ್ನುವುದೇ ಅದರ ಒಳ್ಳೆಯ ಗುಣ.

ಮಳೆಗಾಲ ಬಂದ್ರೆ ಬೂಷ್ಟು. ಬಿಸಿಲಿಗೆ ಹಾಕಲಾ?

ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಮೆತ್ತನೆ ಬ್ರಷ್ಷಿನಿಂದ ಮನೆಯ ಹೊರಗೆ ಒರೆಸಿ. ಮೂಗಿಗೆ ಮಾಸ್ಕ್ ಇರಲಿ. ಗಾಳಿಯ ತೇವ ಶೇಕಡಾ 65 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು 80ರ ಮೇಲೇ ಇರುತ್ತದೆ. ಹೊರಗೋಡೆಗೆ ಅಂಟಿಸಿದ ಕಪಾಟು ಬೇಡ. ಟ್ರಂಕನ್ನು ನೆಲದ ಮೇಲೆ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆವತ್ತು ನೆಲಮಹಡಿಯ ಮನೆಗಳಲ್ಲಿ ಮೊದಲು ಹೋದದ್ದು ಮಂಚದ ಕೆಳಗಿನ ಪೆಟ್ಟಿಗೆ.

ಕಾಗದ ಪೂರ್ತಿ ನೆನೆದು, ತಕ್ಷಣ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬೂಷ್ಟು ಅಲ್ಲೇ ನಿಲ್ಲುತ್ತದೆ, ತಿಳಿದವರನ್ನು ಕೇಳಲು ಸಮಯ ಸಿಗುತ್ತದೆ.

ಕಪ್ಪು ಬಟ್ಟೆ ಪುಸ್ತಕದ ಹಾಗೆ ಮಡಿಸಿದೆ, ಮೇಲೆ ಬಿಳಿ ಅಕ್ಷರ. ಇದೇನು ಮಂತ್ರವಾ?

ಹೆದರಬೇಡಿ, ಹೆಚ್ಚಾಗಿ ಲೆಕ್ಕ! ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಅಂದರೆ ನೀವು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಿಮ್ಮ ಮುತ್ತಜ್ಜನ ಲೆಕ್ಕ ಪೂರ್ತಿ ಚುಕ್ತಾ. ಒಣ ಬ್ರಷ್ಷನ್ನು ಕೂಡ ಬಳಸಬೇಡಿ. ಮೊದಲು ಅಡ್ಡ ಬೆಳಕಿನಲ್ಲಿ ಪ್ರತಿ ಮಡಿಕೆಯ ಫೋಟೋ ತೆಗೆಯಿರಿ.

ತಾಳೆಗರಿ ಬೇರೆ ಥರ. ಅಲ್ಲಿ ಕಂಟ ಅನ್ನುವ ಚೂಪು ಲೋಹದ ಕಡ್ಡಿಯಿಂದ ಗೀರಿ, ಮಸಿ ತುಂಬಿದ್ದಾರೆ. ಮಸಿ ಹೋಗಿದ್ದರೂ ಗೀರು ಇರುತ್ತದೆ. ಅಕ್ಷರ ಕಾಣದ ಗರಿ ಖಾಲಿ ಅಂತ ಎಸೆಯಬೇಡಿ.

ಅಕ್ಷರ ಓದಕ್ಕೇ ಬರಲ್ಲ. ಕನ್ನಡದ ಹಾಗೂ ಇದೆ, ಅಲ್ಲದ ಹಾಗೂ ಇದೆ.

ಬೆಳಗಾವಿ, ಧಾರವಾಡ ಕಡೆಯ ಮನೆತನವಾದರೆ, ಅಕ್ಷರಗಳು ಒಂದಕ್ಕೊಂದು ಸೇರಿಕೊಂಡು ಓಡುತ್ತಿದ್ದರೆ ಅದು ಮೋಡಿ ಲಿಪಿ ಇರಬೇಕು, ಮರಾಠಿಯನ್ನು ಬೇಗ ಬರೆಯಲು ಬಳಸುತ್ತಿದ್ದ ಓಡುಬರಹ. ಪೇಶ್ವೆಯವರ ಆಡಳಿತ ಅಲ್ಲಿತ್ತು, ಜಮೀನು ಮತ್ತು ಇನಾಮಿನ ಕಾಗದ ಮೋಡಿಯಲ್ಲೇ ಬರೆದರು. ಪುಣೆಯ ಪೇಶ್ವೆ ದಫ್ತರದಲ್ಲಿ ಇಂಥ ಕಾಗದಗಳನ್ನು ರುಮಾಲು ಅನ್ನುವ ಬಟ್ಟೆ ಗಂಟುಗಳಲ್ಲಿ ಕಟ್ಟಿಟ್ಟಿದ್ದಾರೆ. ಮೋಡಿ ಕಲಿಸುವ ತರಗತಿಗಳು ಪುಣೆಯಲ್ಲೂ ಮುಂಬಯಿಯಲ್ಲೂ ನಡೆಯುತ್ತವೆ.

ಗೋವಾದ ಕಾಗದವಾದರೆ ಕಂದೇವಿ ಲಿಪಿ ಇರಬಹುದು, ಗೋಯ್‌ಕಾನಡಿ ಅಂತಲೂ ಹೇಳುತ್ತಾರೆ. ಲಿಪಿ ಹಳೆಗನ್ನಡ ಲಿಪಿಯ ಬಳಗ, ಭಾಷೆ ಕೊಂಕಣಿ ಅಥವಾ ಮರಾಠಿ. ಅದಕ್ಕೇ ಕನ್ನಡದವರಿಗೆ ಒಂದೊಂದು ಅಕ್ಷರ ಸಿಕ್ಕಿ ಮಾತು ಮಾತ್ರ ಸಿಗುವುದಿಲ್ಲ. ಓದಬಲ್ಲವರು ಬಹಳ ಕಡಿಮೆ. ಕನ್ನಡ, ಕೊಂಕಣಿ ಎರಡೂ ಬಲ್ಲ ಹುಡುಗರು ಇದನ್ನು ಕಲಿಯಬೇಕು ಅಂತ ನನಗೆ ಬಹಳ ಆಸೆ.

ಮಾರಿದ್ರೆ ಎಷ್ಟು ಬರಬಹುದು?

ಬೆಲೆ ನಾನು ಹೇಳುವುದಿಲ್ಲ, ಗ್ರಂಥಪಾಲಕರೂ ಹೇಳುವುದಿಲ್ಲ. ಕಾನೂನು ಮಾತ್ರ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 100 ವರ್ಷ ದಾಟಿದ ವಸ್ತು ಪುರಾತನ. ಮಹತ್ವದ ಹಸ್ತಪ್ರತಿಗೆ 75 ವರ್ಷವೇ ಸಾಕು. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕದ ಮಗನ ಮನೆ ಗೋಡೆಗೆ ಚೆಂದ ಕಾಣುತ್ತದೆ ಅಂತ ಸೂಟ್‌ಕೇಸಿಗೆ ಹಾಕಬೇಡಿ.

## ಇನ್ನೂ ಆಳಕ್ಕೆ

ಎಲ್ಲ ಸೇರಿಸಿ ಲೈಬ್ರರಿಗೆ ಕೊಟ್ಟುಬಿಡ್ತೀವಿ ಅಂದ್ರೆ ತಗೋತಾರಾ?

ಯಾವಾಗಲೂ ಇಲ್ಲ. ಜಾಗ ಕಡಿಮೆ, ಕೆಲಸದವರು ಇನ್ನೂ ಕಡಿಮೆ. ಅಚ್ಚಾದ ಪುಸ್ತಕ ಅವರಲ್ಲಿ ಈಗಾಗಲೇ ಇರಬಹುದು. ನಿಮ್ಮ ಮನೆಯ ಪತ್ರ, ದಿನಚರಿ, ಲೆಕ್ಕದ ವಹಿ, ಹ್ಯಾಂಡ್‌ಬಿಲ್ಲು ಇರುವುದಿಲ್ಲ. ಅದನ್ನೇ ಮುಂದಿಡಿ.

ಕೊಡುವ ಮೊದಲು ದಯವಿಟ್ಟು ಜೋಡಿಸಬೇಡಿ. ಫೋಟೋ ಒಂದು ಕಡೆ, ರಸೀದಿ ಒಂದು ಕಡೆ ಅಂತ ಬೇರೆ ಮಾಡಿದರೆ ಯಾವ ರಸೀದಿ ಯಾವ ಪತ್ರದ ಜೊತೆ ಇತ್ತು ಅನ್ನುವುದು ಕಳೆದುಹೋಗುತ್ತದೆ. ಇದ್ದ ಹಾಗೇ ಇರಲಿ. ಜೊತೆಗೆ ಒಂದು ಹಾಳೆ ಬರೆಯಿರಿ: ಇದು ಯಾರದು, ಅವರು ಯಾವಾಗ ಎಲ್ಲಿದ್ದರು, ಏನು ಕೆಲಸ, ಫೋಟೋದಲ್ಲಿ ಯಾರು. ಈ ಹಾಳೆ ಇಲ್ಲದ 100 ವರ್ಷದ ಕಾಗದಕ್ಕಿಂತ ಹಾಳೆ ಇರುವ 40 ವರ್ಷದ ಕಾಗದ ನನಗೆ ಮೇಲು. ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಬರೆದಿಡಿ.

ದಾನಪತ್ರವನ್ನು ಓದದೆ ಸಹಿ ಹಾಕಬೇಡಿ. ಕಾಗದ ಮಾತ್ರ ಕೊಡುತ್ತಿದ್ದೀರಾ, ಹಕ್ಕೂ ಕೊಡುತ್ತಿದ್ದೀರಾ? ಅವರಿಗೆ ಬೇಡವಾದದ್ದು ನಿಮಗೆ ವಾಪಸ್ ಬರುತ್ತದಾ? ಮನೆಯ ಗುಟ್ಟಿನ ಪತ್ರಗಳನ್ನು ಇಷ್ಟು ವರ್ಷ ತೆರೆಯಬಾರದು ಅಂತ ಷರತ್ತು ಹಾಕಬಹುದಾ? ಕೇಳುವುದರಲ್ಲಿ ತಪ್ಪಿಲ್ಲ.

ಸ್ಕ್ಯಾನ್ ಮಾಡಿದ ಮೇಲೆ ಒರಿಜಿನಲ್ ಯಾಕೆ ಬೇಕು?

ಸ್ಕ್ಯಾನಿನಲ್ಲಿ ಕಾಗದದ ದಪ್ಪ, ನೀರುಗುರುತು, ಅಚ್ಚಿನ ಮೊಳೆ ಒತ್ತಿದ ಗುಂಡಿ ಬರುವುದಿಲ್ಲ. ಕಾಲ ನಿರ್ಣಯಕ್ಕೆ ಅವು ಬೇಕು. ಸ್ಕ್ಯಾನ್ ಮಾಡುವುದಾದರೆ ಕನಿಷ್ಠ 300 ಡಿಪಿಐ, ಬಣ್ಣದಲ್ಲಿ, ಹಿಂಭಾಗವನ್ನೂ ಸೇರಿಸಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಕುಗ್ಗಿರುತ್ತದೆ, ಅದನ್ನು ಮೂಲ ಪ್ರತಿ ಅಂತ ಇಟ್ಟುಕೊಳ್ಳಬೇಡಿ.

ನಾಟಕದ ಹ್ಯಾಂಡ್‌ಬಿಲ್ಲಲ್ಲಿ ವಾರ, ತಿಂಗಳು ಇದೆ, ವರ್ಷವೇ ಇಲ್ಲ. ಪತ್ತೆ ಮಾಡೋದು ಹೇಗೆ?

ನನಗೆ ಬಹಳ ಇಷ್ಟದ ಪ್ರಶ್ನೆ. ಮೊದಲು ಟಿಕೆಟ್ ದರ ನೋಡಿ. ಆಣೆ ಇದ್ದರೆ ಹೆಚ್ಚಾಗಿ 1957ರ ಏಪ್ರಿಲಿಗಿಂತ ಮುಂಚಿನದು. ನಯೇ ಪೈಸೆ ಇದ್ದರೆ 1957ರಿಂದ 1964ರ ಸುಮಾರಿಗೆ. ಗೋವಾದ ಕಾಗದದಲ್ಲಿ ಎಸ್ಕುಡೊ ಅನ್ನುವ ಪೋರ್ಚುಗೀಸ್ ಹಣದ ಹೆಸರು ಇದ್ದರೆ ಕಿಟಕಿ ಇನ್ನೂ ಚಿಕ್ಕದು: ಅದು ಬಂದದ್ದು 1959ರಲ್ಲಿ, ಪೋರ್ಚುಗೀಸರು ಹೋದದ್ದು 1961ರ ಡಿಸೆಂಬರಿನಲ್ಲಿ.

ಆಮೇಲೆ ವಿಳಾಸ. "ಮುಂಬಯಿ 19" ಅಂತಷ್ಟೇ ಇದ್ದರೆ ಪಿನ್‌ಕೋಡ್ ಬರುವ ಮೊದಲಿನದು ಇರಬಹುದು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಆಗ ಮಾಟುಂಗಾದ 19 ಹೋಗಿ 400019 ಆಯಿತು. ಜನ ಹಳೆಯ ರೂಢಿ ಬೇಗ ಬಿಡುವುದಿಲ್ಲ, ಹಾಗಾಗಿ ಇದೊಂದನ್ನೇ ನಂಬಬೇಡಿ. "ಮೈಸೂರು ರಾಜ್ಯ" ಅಂತ ಇದ್ದರೆ 1973ರ ನವೆಂಬರಿಗೆ ಮುಂಚೆ. "ಟ್ರಾಮಿನಲ್ಲಿ ಬನ್ನಿ" ಅಂತ ದಾರಿ ಹೇಳಿದ್ದರೆ 1964ರ ಮಾರ್ಚ್ 31ರ ಒಳಗೆ, ಆವತ್ತು ಮುಂಬಯಿಯ ಕೊನೆಯ ಟ್ರಾಮ್ ಓಡಿತು.

ವಾರ ಮತ್ತು ತಾರೀಕು ಎರಡೂ ಇದ್ದರೆ ಅದೇ ಜೋಡಿ 5, 6 ಅಥವಾ 11 ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ಸಂವತ್ಸರದ ಹೆಸರಿದ್ದರೆ ಇನ್ನೂ ಸಲೀಸು. ವಿಕೃತಿ ಅಂದರೆ 1950 ಅಥವಾ 2010ರ ಯುಗಾದಿಯಿಂದ, ನಡುವೆ ಬೇರೆ ಇಲ್ಲ. ಕೊನೆಗೆ ಅಡಿಯಲ್ಲಿ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು ಹುಡುಕಿ. ಆಗಲೇ ಹೇಳಿದ 1867ರ ಕಾಯ್ದೆ ಮುದ್ರಕರ ಹೆಸರು ಮತ್ತು ಊರು ಹಾಕಲೇಬೇಕು ಅಂದಿತ್ತು. ಆ ಪ್ರೆಸ್ಸು ಸಂಘದ ಸಂಚಿಕೆಗಳಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಜಾಹೀರಾತು ಕೊಟ್ಟಿದೆ ಅಂತ ನೋಡಿದರೆ ಉಳಿದ ಸಂದೇಹವೂ ಮುಗಿಯುತ್ತದೆ.

ಕ್ಯಾಟಲಾಗಿನಲ್ಲಿ "ಕನ್ನಡ" ಅಂತ ಹುಡುಕಿದ್ರೆ ಏನೂ ಬರಲ್ಲ. ಇಲ್ಲವೇ ಇಲ್ವಾ?

ಇರುತ್ತದೆ, ಬೇರೆ ಹೆಸರಿನಲ್ಲಿ. ಹಳೆಯ ಪಟ್ಟಿಗಳು ರೋಮನ್ ಅಕ್ಷರದಲ್ಲಿ, ಇಂಗ್ಲಿಷರ ಕಿವಿಗೆ ಕೇಳಿದ ಹಾಗೆ ಇವೆ. "ಕೆನರೀಸ್" ಅಂತ ಹುಡುಕಿ, ಒಮ್ಮೆ ಸಿ ಅಕ್ಷರದಿಂದ, ಒಮ್ಮೆ ಕೆ ಅಕ್ಷರದಿಂದ. "ಕೆನರಾ", "ಸದರ್ನ್ ಮರಾಠಾ ಕಂಟ್ರಿ" ಅಂತಲೂ ನೋಡಿ. ಧಾರವಾಡ ಕಡೆಯ ಎಷ್ಟೋ ಕಾಗದ ಈ ಕೊನೆಯ ಹೆಸರಿನ ಕೆಳಗೆ ಸೇರಿಕೊಂಡಿದೆ. ಬಿಡಿ ಕಾಗದಗಳನ್ನು ಒಂದೊಂದಾಗಿ ಪಟ್ಟಿ ಮಾಡಿರುವುದಿಲ್ಲ, ಒಂದು ಪೆಟ್ಟಿಗೆಗೆ ಒಂದೇ ಸಾಲು ಇರುತ್ತದೆ. ದಾನ ಕೊಟ್ಟವರ ಹೆಸರು ಗೊತ್ತಿದ್ದರೆ ಅದನ್ನೇ ಹುಡುಕಿ. ಕಂಪ್ಯೂಟರಿನಲ್ಲಿ ಸಿಗದಿದ್ದರೆ ಹಳೆಯ ಕಾರ್ಡ್ ಡ್ರಾಯರು, ಕೈಬರಹದ ದಾಖಲಾತಿ ವಹಿ ಇದೆಯಾ ಅಂತ ಕೇಳಿ. ಅದನ್ನು ಎಲ್ಲಿಟ್ಟಿದ್ದಾರೆ ಅಂತ ಅಲ್ಲಿ ಬಹಳ ವರ್ಷದಿಂದ ಇರುವ ಅಟೆಂಡರಿಗೆ ಗೊತ್ತಿರುತ್ತದೆ.